1909 ಡಿಎನ್‌ಡಿ ಸೇವೆ: ವರ್ಷಗಳ ಬಳಕೆಯ ಮೇಲೆ ನನ್ನ ಅಭಿಪ್ರಾಯ

ಜಾಹೀರಾತಿನ ಕರೆ, ಸಂದೇಶಗಳ ಕಾಟ ತಡೆಯಲು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದಡಿ ಇರುವ 1909 ಡಿಎನ್‌ಡಿ (ಡು ನಾಟ್ ಡಿಸ್ಟರ್ಬ್, ಅಂದರೆ 'ತೊಂದರೆ ಕೊಡಬೇಡಿ') ಸೇವೆಯನ್ನು ಎಷ್ಟೋ ವರ್ಷಗಳಿಂದ ಬಳಸುತ್ತಿದ್ದೇನೆ. ಬರೀ ನೋಂದಣಿ ಮಾಡಿಸಿ ಸುಮ್ಮನಾದರೆ ಅರ್ಧ ಪ್ರಯೋಜನ ಅಷ್ಟೇ. ದೂರು ಕೊಡುವ ಅಭ್ಯಾಸ ಇದ್ದವರಿಗೇ ಇದು ಪೂರ್ತಿ ದಕ್ಕುವುದು.

ನೋಂದಣಿ ಸಲೀಸು. ಇಂಗ್ಲಿಷಿನಲ್ಲಿ 'ಸ್ಟಾರ್ಟ್ 0' ಎಂದು ಬರೆದು 1909ಕ್ಕೆ ಎಸ್ಎಂಎಸ್ ಮಾಡಿದರೆ ಎಲ್ಲ ಬಗೆಯ ಪ್ರಚಾರಕ್ಕೂ ತಡೆ. ಬ್ಯಾಂಕಿಂಗ್, ರಿಯಲ್ ಎಸ್ಟೇಟ್, ಶಿಕ್ಷಣ ಹೀಗೆ ವಿಭಾಗ ಆರಿಸಿ ತಡೆಯಲೂಬಹುದು. ಒಟಿಪಿ, ಬ್ಯಾಂಕ್ ವಹಿವಾಟಿನ ಸಂದೇಶ ನಿಲ್ಲುವುದಿಲ್ಲ. ಆ ಹೆದರಿಕೆಯಿಂದಲೇ ಹಿಂಜರಿಯುವವರನ್ನು ಬಹಳ ನೋಡಿದ್ದೇನೆ, ಅದಕ್ಕೇ ಹೇಳಿದೆ.

ನೋಂದಾಯಿತ ಸಂಸ್ಥೆಗಳು 140ರಿಂದ ಶುರುವಾಗುವ ನಂಬರಿನಿಂದ ಮಾಡುವ ಪ್ರಚಾರದ ಕರೆಗಳು ನನಗೆ ಬಹುತೇಕ ನಿಂತಿವೆ. ತಲೆನೋವು ಮಾಮೂಲಿ ಹತ್ತಂಕಿಯ ಮೊಬೈಲ್ ನಂಬರಿನಿಂದ ಬರುವ ಸಾಲದ, ಸೈಟಿನ ಕರೆಗಳದ್ದು. ಅವರು ಎಲ್ಲೂ ನೋಂದಣಿಯನ್ನೇ ಮಾಡಿಸಿರುವುದಿಲ್ಲ, ಡಿಎನ್‌ಡಿ ಪಟ್ಟಿ ನೋಡುವ ಗೊಡವೆಯೂ ಅವರಿಗಿಲ್ಲ. ಇಂಥವರ ಮೇಲೆ ದೂರೊಂದೇ ದಾರಿ.

ಟ್ರಾಯ್‌ನ 2018ರ ನಿಯಮಾವಳಿಗೆ 2025ರ ಫೆಬ್ರುವರಿಯಲ್ಲಿ ತಂದ ತಿದ್ದುಪಡಿ ನಿಜಕ್ಕೂ ಬಳಕೆದಾರರ ಪರವಾಗಿದೆ. ದೂರು ಕೊಡಲು 3 ದಿನವಿದ್ದ ಗಡುವು 7 ದಿನವಾಯಿತು. ಡಿಎನ್‌ಡಿ ಇಲ್ಲದವರೂ ದೂರು ಕೊಡಬಹುದು. ನೋಂದಣಿಯಿಲ್ಲದವರ ಮೇಲೆ ಕ್ರಮಕ್ಕೆ 30 ದಿನ ಇದ್ದದ್ದು 5ಕ್ಕೆ ಇಳಿಯಿತು. ಕ್ರಮ ಶುರುವಾಗಲು ಮೊದಲು ಒಬ್ಬರ ಮೇಲೆ 7 ದಿನದಲ್ಲಿ 10 ದೂರು ಬೀಳಬೇಕಿತ್ತು. ಈಗ 10 ದಿನದಲ್ಲಿ 5 ಸಾಕು. 'ನಾನೊಬ್ಬ ಕೊಟ್ಟರೆ ಏನಾದೀತು' ಎನ್ನುವವರು ಇದನ್ನು ಗಮನಿಸಬೇಕು.

ದೂರಿನಲ್ಲಿ ನಂಬರು, ದಿನಾಂಕದ ಜೊತೆ ಅವರು ಏನು ಹೇಳಿದರು ಎಂಬುದನ್ನೂ ಬರೆಯಿರಿ. 'ಪರ್ಸನಲ್ ಲೋನ್ ಬೇಕಾ ಎಂದು ಕೇಳಿದರು, ಕಂಪನಿ ಹೆಸರು ಹೇಳಲಿಲ್ಲ' ಎಂಬಷ್ಟು ಸಾಕು. ವಿವರ ಸಾಲದು ಎಂದು ನನ್ನ ಮೊಬೈಲ್ ಕಂಪನಿ ಒಮ್ಮೆ ದೂರನ್ನೇ ಮುಚ್ಚಿಬಿಟ್ಟಿತ್ತು. ಅದು ನನಗೆ ಸರಿಕಾಣಲಿಲ್ಲ. ಕರೆಯ ದಾಖಲೆ ಅವರ ಬಳಿಯೇ ಇರುವಾಗ ಗ್ರಾಹಕರನ್ನು ಮತ್ತೆ ಕೇಳಬಹುದಿತ್ತು.

ಎಸ್ಎಂಎಸ್ ಕಳಿಸಿದವರ ಹೆಸರಿನ ಕೊನೆಗೆ ಈಗ ಪಿ, ಎಸ್, ಟಿ, ಜಿ ಅಕ್ಷರಗಳು ಕಾಣುತ್ತವೆ. ಪಿ ಎಂದರೆ ಪ್ರಚಾರ, ಎಸ್ ಎಂದರೆ ಸೇವೆ, ಟಿ ಎಂದರೆ ವಹಿವಾಟು, ಜಿ ಎಂದರೆ ಸರ್ಕಾರದ್ದು. ತೆರೆಯುವ ಮೊದಲೇ ಗೊತ್ತಾಗುತ್ತದೆ, ಬಹಳ ಅನುಕೂಲ.

ದೊಡ್ಡ ಕೊರತೆ ಎಂದರೆ ವಾಟ್ಸಾಪ್ ಕರೆ, ಸಂದೇಶ ಇದರೊಳಗೆ ಬರುವುದಿಲ್ಲ. ನನ್ನ ಅಂಕ 5ಕ್ಕೆ 3.5. ವಂಚನೆಯ ಕರೆ ಬಂದರೆ ಮಾತ್ರ ಇಲ್ಲಿ ಕಾಯಬೇಡಿ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ 'ಚಕ್ಷು' ವಿಭಾಗದಲ್ಲಿ ತಿಳಿಸಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.