ಅಪ್ಪಯ್ಯನ ಯಕ್ಷಗಾನ, ಜಗಲಿಯ ಟಿವಿ ಮತ್ತು ಒಂದು ಕಾಸ್ಟಿಂಗ್ ಆಪ್

ಫೋನಿನಲ್ಲಿ ಸಿಗುವ ವಿಡಿಯೋವನ್ನು ಟಿವಿಗೆ ಕಳಿಸುವ, ಅಂದರೆ 'ಕಾಸ್ಟ್' ಮಾಡುವ ಆಪ್‌ಗಳು ಪ್ಲೇ ಸ್ಟೋರಿನಲ್ಲಿ ರಾಶಿ ಇವೆ. ನಾನು ಇಟ್ಟುಕೊಂಡಿರುವುದು ಬ್ರೌಸರ್ ತರಹದ್ದು. ಆಪ್ ಒಳಗೇ ವೆಬ್‌ಸೈಟ್ ತೆರೆಯಬೇಕು. ಆ ಪುಟದಲ್ಲಿರುವ ವಿಡಿಯೋವನ್ನು ಅದೇ ಹುಡುಕಿ ಕೊಡುತ್ತದೆ. ಕಾಸ್ಟ್ ಗುರುತು ಒತ್ತಿದರೆ ಟಿವಿಯಲ್ಲಿ ಶುರು. ಕುಮಟಾದ ನಮ್ಮ ಮನೆಯಲ್ಲಿ ಇದು ಮಳೆಗಾಲವನ್ನೂ ಕಂಡಿದೆ, ಬೇಸಿಗೆಯನ್ನೂ ಕಂಡಿದೆ. ಹೆಸರು ಹೇಳುತ್ತಿಲ್ಲ. ಇಂಥ ಆಪ್‌ಗಳೆಲ್ಲ ಒಳಗಿನಿಂದ ಹೆಚ್ಚುಕಮ್ಮಿ ಒಂದೇ, ತಕರಾರುಗಳೂ ಒಂದೇ.

ಯೂಟ್ಯೂಬ್ ಮಾತ್ರ ನೋಡುವವರಿಗೆ ಇದು ಬೇಡವೇ ಬೇಡ. ಯೂಟ್ಯೂಬ್ ಆಪ್‌ನಲ್ಲೇ ಕಾಸ್ಟ್ ಗುರುತು ಇದೆ, ಪುಕ್ಕಟೆ. ದುಡ್ಡು ಕಟ್ಟಿ ನೋಡುವ ಓಟಿಟಿಗಳಿಗೂ ಇದು ಆಗುವುದಿಲ್ಲ. ಅವುಗಳ ವಿಡಿಯೋಗೆ ಡಿಆರ್‌ಎಂ ಬೀಗ ಇರುತ್ತದೆ, ಹೊರಗಿನ ಆಪ್ ಅದನ್ನು ತೆಗೆಯಲಾರದು. 'ಎಲ್ಲ ಸೈಟೂ ನಡೆಯುತ್ತದೆ' ಎಂದು ಜಾಹೀರಾತಿನಲ್ಲಿ ಬರೆದಿದ್ದರೆ ನಂಬಬೇಡಿ. ಇದು ಕೆಲಸಕ್ಕೆ ಬರುವುದು ಉಳಿದ ಕಡೆ: ದೇವಸ್ಥಾನ, ಯಕ್ಷಗಾನ ಮೇಳ, ಕಾಲೇಜುಗಳು ತಮ್ಮ ಪುಟದಲ್ಲೇ ಹಾಕುವ ವಿಡಿಯೋಗಳು, ಸುದ್ದಿ ಸೈಟುಗಳು, ನಿಮ್ಮದೇ ಫೋನಿನಲ್ಲಿರುವ ಮದುವೆ ವಿಡಿಯೋ.

ನಮ್ಮಲ್ಲಿ ಇದರ ಮುಖ್ಯ ಗಿರಾಕಿ ಅಪ್ಪಯ್ಯ. ಹೊನ್ನಾವರ ದಾಟಿದರೆ ಗುಣವಂತೆ. 1934ರಲ್ಲಿ ಅಲ್ಲಿ ಶುರುವಾದ ಕೆರೆಮನೆ ಮೇಳದ ಆಟಗಳನ್ನು (ಯಕ್ಷಗಾನ ಪ್ರದರ್ಶನಗಳನ್ನು) ಬಯಲಲ್ಲಿ ಕೂತು ನೋಡಿ ಬೆಳೆದವರು ಅವರು. ಈಗ ಮಂಡಿನೋವು, ಚಾಪೆ ಮೇಲೆ ಕೂರಲಾಗುವುದಿಲ್ಲ. ಮಳೆಗಾಲದಲ್ಲಿ ಮೇಳಗಳ ತಿರುಗಾಟವೂ ನಿಲ್ಲುತ್ತದೆ. ಹಾಗಾಗಿ ಜೂನ್‌ನಿಂದ ನಮ್ಮ ಜಗಲಿಯ ಟಿವಿಯೇ ರಂಗಸ್ಥಳ. ಕರೆಂಟು, ನೆಟ್ ಎರಡೂ ಕೈಕೊಡುವ ಕಾಲವೂ ಅದೇ ನೋಡಿ!

ಕಾಸ್ಟ್ ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದರೆ ಅರ್ಧ ತಲೆನೋವು ಕಮ್ಮಿ. ವೆಬ್‌ಸೈಟಿನ ವಿಡಿಯೋ ಆದರೆ ಫೋನು ಅದನ್ನು ತಾನೇ ಟಿವಿಗೆ ಕಳಿಸುವುದಿಲ್ಲ. ವಿಡಿಯೋ ಎಲ್ಲಿದೆ ಎಂಬ ವಿಳಾಸವನ್ನಷ್ಟೇ ಕೊಡುತ್ತದೆ. ಟಿವಿ ಅಥವಾ ಅದರ ಹಿಂದೆ ಚುಚ್ಚಿದ ಡಾಂಗಲ್ ನೇರ ಇಂಟರ್ನೆಟ್‌ನಿಂದ ಎಳೆದುಕೊಳ್ಳುತ್ತದೆ. ಅದಕ್ಕೇ ನಡುವೆ ಫೋನ್ ಬಂದರೂ ಆಟ ನಿಲ್ಲುವುದಿಲ್ಲ, ಸ್ಕ್ರೀನ್ ಆರಿಸಿ ಫೋನನ್ನು ಕಿಸೆಗೆ ಹಾಕಬಹುದು, ಬ್ಯಾಟರಿಯೂ ಉಳಿಯುತ್ತದೆ. ಸ್ಕ್ರೀನ್ ಮಿರರಿಂಗ್ ಬೇರೆ. ಅದರಲ್ಲಿ ಫೋನಿನ ಪರದೆಯೇ ಟಿವಿಗೆ ಹೋಗುತ್ತದೆ. ವಾಟ್ಸಾಪ್ ಮೆಸೇಜು ಬಂದರೆ ಮನೆಯವರೆಲ್ಲ ಓದುತ್ತಾರೆ.

ಇನ್ನು ಲಿಂಕು ಆರಿಸುವ ವಿಷಯ. ಪುಟ ತೆರೆದ ಕೂಡಲೇ ಆಪ್ ಒಂದು ಪಟ್ಟಿ ಕೊಡುತ್ತದೆ. ಅದರಲ್ಲಿ ಅಸಲಿ ವಿಡಿಯೋ ಒಂದೇ, ಉಳಿದದ್ದು ಜಾಹೀರಾತಿನ ತುಣುಕುಗಳು. ಸುಮ್ನೆ ಮೊದಲನೆಯದನ್ನು ಒತ್ತಿದರೆ ಭಾಗವತರ ಬದಲು ಸೋಪಿನ ಜಾಹೀರಾತು ಬರುತ್ತದೆ. ನನ್ನ ಉಪಾಯ: ಮೊದಲು ಪುಟದಲ್ಲೇ ವಿಡಿಯೋ ಶುರು ಮಾಡಿ, ಜಾಹೀರಾತು ಮುಗಿದು ಚಂಡೆ ಕೇಳಿದ ಮೇಲೆ ಪಟ್ಟಿ ನೋಡುವುದು. ಎಂ3ಯು8 ಎಂದು ಕೊನೆಯಾಗುವ ವಿಳಾಸ ಅಥವಾ ಗಾತ್ರ ದೊಡ್ಡದಿರುವ ಎಂಪಿ4 ಸಾಮಾನ್ಯವಾಗಿ ಬೇಕಾದದ್ದೇ ಆಗಿರುತ್ತದೆ. ಎಂ3ಯು8 ಎಂದರೆ ವಿಡಿಯೋವನ್ನು ಕೆಲವು ಸೆಕೆಂಡುಗಳ ಚೂರು ಮಾಡಿ ಇಟ್ಟ ಪಟ್ಟಿ. ಸೈಟಿನವರು ಬೇರೆ ಬೇರೆ ಗುಣಮಟ್ಟದ ಚೂರು ಇಟ್ಟಿದ್ದರೆ, ನೆಟ್ ನಿಧಾನವಾದಾಗ ಚಿತ್ರ ಮಸುಕಾಗುತ್ತದೆಯೇ ಹೊರತು ಪೂರ್ತಿ ನಿಲ್ಲುವುದಿಲ್ಲ. ನಮ್ಮೂರಿಗೆ ಇದೇ ಸರಿ.

ಕೆಲವು ಸೈಟುಗಳು ವಿಳಾಸ ಕೇಳಿದ ಬ್ರೌಸರಿಗೆ ಮಾತ್ರ ವಿಡಿಯೋ ಕೊಡುತ್ತವೆ. ಟಿವಿ ಹೋಗಿ ಕೇಳಿದರೆ ಬಾಗಿಲು ಹಾಕುತ್ತವೆ. ಆಗ ಆಪ್‌ನಲ್ಲಿ ವಿಡಿಯೋವನ್ನು ಫೋನಿನ ಮೂಲಕ ಹಾಯಿಸುವ ಆಯ್ಕೆ ಇದೆ. ನಡೆಯುತ್ತದೆ, ಆದರೆ ಫೋನು ಬಿಸಿಯಾಗುತ್ತದೆ, ಕಿಸೆಗೆ ಹಾಕಿ ಮರೆಯುವ ಹಾಗಿಲ್ಲ. ಆಂಡ್ರಾಯ್ಡಿನ ಬ್ಯಾಟರಿ ಉಳಿತಾಯದ ಚಾಳಿ ಬೇರೆ. ಸ್ಕ್ರೀನ್ ಆರಿದ ಸ್ವಲ್ಪ ಹೊತ್ತಿಗೆ ಆಪನ್ನು ಮಲಗಿಸಿಬಿಡುತ್ತದೆ. ಒಡ್ಡೋಲಗ ಆಗಿ ಕಥೆ ಬಿಗಿಯಾಗುವ ಹೊತ್ತಿಗೆ ಟಿವಿ ಗಕ್ಕನೆ ನಿಂತು, ಜಗಲಿಯಿಂದ "ಎಂತ ಆತೋ ಮಾಣಿ?" ಎಂದು ಕೂಗು ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಈ ಆಪ್‌ನ ಬ್ಯಾಟರಿಯನ್ನು 'ಅನ್‌ರಿಸ್ಟ್ರಿಕ್ಟೆಡ್' ಮಾಡಿದ ಮೇಲೆ ಆ ಕೂಗು ನಿಂತಿದೆ.

ವೈಫೈ ಬಗ್ಗೆ ಕರಾವಳಿಯವರಿಗೆ ವಿಶೇಷವಾಗಿ ಹೇಳಬೇಕು. ನಮ್ಮದು ಚಿರೆಕಲ್ಲಿನ ಹಳೆ ಮನೆ. ರೂಟರ್ ಒಳಗಿನ ಕೋಣೆಯಲ್ಲಿ, ಟಿವಿ ಜಗಲಿಯಲ್ಲಿ, ನಡುವೆ ಮೊಳದಪ್ಪದ ಗೋಡೆ. 5 ಗಿಗಾಹರ್ಟ್ಜ್ ಸಿಗ್ನಲ್ ವೇಗ ಜಾಸ್ತಿ, ಆದರೆ ದಪ್ಪ ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ. ಟಿವಿಯನ್ನು 2.4ಕ್ಕೆ ಹಾಕಿ. ಫೋನು ಮತ್ತು ಟಿವಿ ಒಂದೇ ರೂಟರಿನಲ್ಲಿರಬೇಕು, ಗೆಸ್ಟ್ ವೈಫೈ ಆಗದು. ಅದರಲ್ಲಿ ಒಂದು ಉಪಕರಣ ಇನ್ನೊಂದಕ್ಕೆ ಕಾಣದ ಹಾಗೆ ಇಟ್ಟಿರುತ್ತಾರೆ. 'ಟಿವಿ ಸಿಗುತ್ತಿಲ್ಲ' ಎಂದು ಆಪ್‌ಗೆ ಒಂದು ಸ್ಟಾರ್ ಕೊಟ್ಟವರಲ್ಲಿ ಬಹಳ ಜನರ ಕಥೆ ಇದೇ ಇರಬೇಕು ಎಂದು ನನ್ನ ಅನುಮಾನ. ಆ ಬೈಗುಳ ಆಪ್‌ಗೆ ಸಲ್ಲುವುದಲ್ಲ.

ಫೈಬರ್ ಮೇಲೆ ಮರ ಬಿದ್ದ ದಿನ ಮೊಬೈಲ್ ಹಾಟ್‌ಸ್ಪಾಟ್ ಕೊಡೋಣ ಅನ್ನಿಸುತ್ತದೆ. 720ಪಿ ಗುಣಮಟ್ಟದಲ್ಲಿ ಗಂಟೆಗೆ ಸುಮಾರು ಒಂದು ಜಿಬಿ ಹೋಗುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕ್‌ನಲ್ಲಿ ಪ್ರಸಂಗದ ಪೀಠಿಕೆ ಮುಗಿಯಬಹುದು, ಅಷ್ಟೇ. ಹಾಗಾದರೆ ಫೋನಿನಲ್ಲೇ ಇಳಿಸಿಟ್ಟ ವಿಡಿಯೋ ಹಾಕಬಹುದಲ್ವಾ? ಗೂಗಲ್ ಕಾಸ್ಟ್‌ನಲ್ಲಿ (ಇಲ್ಲಿಯವರೆಗೆ ಹೇಳಿದ ಕಾಸ್ಟ್ ಇದೇ) ಅದೂ ಸುಲಭ ಇಲ್ಲ. ಟಿವಿ ಬದಿಯ ಪ್ಲೇಯರ್ ಪ್ರತಿ ಸಲ ಇಂಟರ್ನೆಟ್‌ನಿಂದಲೇ ತೆರೆದುಕೊಳ್ಳಬೇಕು. ಇಲ್ಲಿ ನೆರವಾದದ್ದು ಆಪ್‌ನ ಡಿಎಲ್‌ಎನ್‌ಎ ಆಯ್ಕೆ. ಇದು ಮನೆಯೊಳಗಿನ ವೈಫೈ ಮೇಲೆಯೇ ನಡೆಯುತ್ತದೆ, ಹೊರಗಿನ ನೆಟ್ ಬೇಡ. ನಿಮ್ಮ ಟಿವಿಯಲ್ಲಿ ಡಿಎಲ್‌ಎನ್‌ಎ ಇದೆಯೇ ಎಂದು ಮಳೆ ಹಿಡಿಯುವ ಮೊದಲೇ ನೋಡಿಟ್ಟುಕೊಳ್ಳಿ. ರೂಟರಿಗೆ ಒಂದು ಪುಟ್ಟ ಯುಪಿಎಸ್ ಕೂಡ ಇರಲಿ. ಇಲ್ಲದಿದ್ದರೆ ಟಿವಿ ಇನ್ವರ್ಟರಿನಲ್ಲಿ ಉರಿಯುತ್ತಿರುತ್ತದೆ, ರೂಟರ್ ಮಲಗಿರುತ್ತದೆ.

ಫೋನಿನಲ್ಲೇ ತೆಗೆದ ವಿಡಿಯೋ ಟಿವಿಯಲ್ಲಿ ಕಪ್ಪಾಗಿ ಬಂದರೆ, ಅಥವಾ ಶಬ್ದ ಬಂದು ಚಿತ್ರ ಬರದಿದ್ದರೆ, ಅದು ಸಾಮಾನ್ಯವಾಗಿ ಕೋಡೆಕ್ (ವಿಡಿಯೋವನ್ನು ಒತ್ತಿ ಚಿಕ್ಕದು ಮಾಡುವ ವಿಧಾನ) ಗಲಾಟೆ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಎಚ್.265 ಬಿಟ್ಟು ಎಚ್.264 ಇಟ್ಟುಕೊಂಡರೆ ಹಳೆ ಟಿವಿಗಳೂ ಓದುತ್ತವೆ.

ನನಗೆ ಅತಿ ಇಷ್ಟವಾದದ್ದು, ಬಿಟ್ಟಲ್ಲಿಂದ ಮುಂದುವರಿಸುವ ಸೌಲಭ್ಯ. ಇಡೀ ರಾತ್ರಿಯ ಆಟವನ್ನು ಅಪ್ಪಯ್ಯ ಊಟ ಆದ ಮೇಲೆ ದಿನಾ ಸ್ವಲ್ಪ ಸ್ವಲ್ಪ ನೋಡುತ್ತಾರೆ. ಆಪ್ ಜಾಗ ನೆನಪಿಟ್ಟುಕೊಂಡು ಅಲ್ಲಿಂದಲೇ ಶುರು ಮಾಡುತ್ತದೆ. ಆಯಿಗೆ (ಅಮ್ಮನಿಗೆ) ಇದೇ ಬೇಸರ. ಅವಳ ಧಾರಾವಾಹಿಯ ಹೊತ್ತಿಗೆ ಸರಿಯಾಗಿ ಇಲ್ಲಿ ಯುದ್ಧ ಶುರುವಾಗಿರುತ್ತದೆ.

ಪುಕ್ಕಟೆ ಆವೃತ್ತಿಯಲ್ಲಿ ಜಾಹೀರಾತು ಕಾಟ ಇದೆ, ಆದರೆ ಫೋನಿನ ಪರದೆಯಲ್ಲಿ ಮಾತ್ರ, ಟಿವಿಯಲ್ಲಿ ಅಲ್ಲ. ನಾನು ಆಮೇಲೆ ಒಂದೇ ಸಲ ದುಡ್ಡು ಕಟ್ಟುವ ಆಯ್ಕೆ ತೆಗೆದುಕೊಂಡೆ. ತಿಂಗಳು ತಿಂಗಳು ಕಟ್ಟಿ ಎನ್ನುವ ಆಪ್‌ಗಳನ್ನು ದೂರ ಇಡಿ, ಈ ಕೆಲಸಕ್ಕೆ ಅಷ್ಟು ಬೆಲೆ ಇಲ್ಲ. ದುಡ್ಡು ಕೊಡುವ ಮೊದಲು ನೀವು ದಿನಾ ನೋಡುವ ಸೈಟನ್ನೇ ಪುಕ್ಕಟೆ ಆವೃತ್ತಿಯಲ್ಲಿ ಓಡಿಸಿ ನೋಡಿ.

ಕೊನೆಗೊಂದು ಸಣ್ಣ ವಿಷಯ. ಒಂದೇ ವೈಫೈನಲ್ಲಿರುವ ಬೇರೆ ಆಂಡ್ರಾಯ್ಡ್ ಫೋನುಗಳಿಗೂ ಕಾಸ್ಟ್ ನಿಲ್ಲಿಸುವ ಬಟನ್ ನೋಟಿಫಿಕೇಶನ್‌ನಲ್ಲಿ ಬರುತ್ತದೆ. ಚೌತಿಗೆ ಮಕ್ಕಳೆಲ್ಲ ಸೇರಿದಾಗ ಯಾರು ನಿಲ್ಲಿಸಿದರು ಎಂಬುದೇ ದೊಡ್ಡ ಪಂಚಾಯ್ತಿಗೆ. ಗೂಗಲ್ ಹೋಮ್ ಆಪ್‌ನಲ್ಲಿ ನಿಮ್ಮ ಟಿವಿಯ ಸೆಟ್ಟಿಂಗ್ಸ್‌ಗೆ ಹೋಗಿ, ಬೇರೆಯವರು ಕಾಸ್ಟ್ ನಿಯಂತ್ರಿಸಲು ಬಿಡುವ ಆಯ್ಕೆಯನ್ನು ಆಫ್ ಮಾಡಿ.