ಗುಂಗುರು ಕೂದಲಿಗೆ ಅಗಸೆಯ ಲೋಳೆಯೇ ಸೈ, ಸೀಸೆಯ ಜೆಲ್‌ಗೆ ಎರಡನೆಯ ಸ್ಥಾನ

ತಲೆ ಎರೆದುಕೊಂಡ ದಿನ ಗುಂಗುರು ಕೂದಲು ಹೇಗೆ ಒಣಗುತ್ತದೆಯೋ ಮುಂದಿನ ನಾಲ್ಕೈದು ದಿನ ಹಾಗೆಯೇ ಇರುತ್ತದೆ. ಸುರುಳಿ ಸುರುಳಿಯಾಗಿ ಒಣಗಿದರೆ ವಾರವೆಲ್ಲ ಚಂದ, ಕೆದರಿಕೊಂಡು ಒಣಗಿದರೆ ಜಡೆ ಬಿಗಿಯುವುದೊಂದೇ ದಾರಿ. ಒಣಗುವಾಗ ಸುರುಳಿಯನ್ನು ಹಿಡಿದಿಡಲು ನಾನು ಎರಡನ್ನು ಬಳಸಿ ನೋಡಿದ್ದೇನೆ: ಹುಬ್ಬಳ್ಳಿಯ ಅಂಗಡಿಯಲ್ಲಿ 500 ರೂಪಾಯಿಯ ಆಚೀಚೆ ಕೊಟ್ಟು ತಂದ ಜೆಲ್ ಮತ್ತು ಮನೆಯಲ್ಲೇ ಅಗಸೆ ಕುದಿಸಿ ತೆಗೆದ ಲೋಳೆ. ಒಂದು ಬೇಸಿಗೆ, ಒಂದು ಮಳೆಗಾಲ ಎರಡನ್ನೂ ಅದಲುಬದಲು ಮಾಡಿದ ಮೇಲೆ ನನ್ನ ಮನಸ್ಸು ಅಗಸೆಯ ಕಡೆಗೇ ನಿಂತಿದೆ.

ಮೊದಲು ನೀರಿನ ಮಾತು ಆಡಲೇಬೇಕು. ಬೋರ್‌ವೆಲ್‌ನ ಸವಳು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಅವು ಕೂದಲಿಗೆ ಅಂಟಿಕೊಂಡು ಎಳೆಯನ್ನು ಬಿರುಸು ಮಾಡುತ್ತವೆ, ಆಮೇಲೆ ಮೇಲೆ ಏನು ಸವರಿದರೂ ಹಿಡಿಯುವುದಿಲ್ಲ. ಧಾರವಾಡದ ನಮ್ಮ ಮನೆಗೆ ನಲ್ಲಿಯಲ್ಲಿ ಮಲಪ್ರಭೆಯ ನೀರು ಬರುವುದು ದಿನಬಿಟ್ಟು ದಿನವೂ ಅಲ್ಲ. ಹಾಗಾಗಿ ಒಂದು ಬಕೆಟ್ ಹೊಳೆ ನೀರನ್ನು ತಲೆಗೆಂದೇ ತೆಗೆದಿಡುತ್ತೇನೆ. ಕೊನೆಯ ನಾಲ್ಕು ತಂಬಿಗೆಯಾದರೂ ಆ ನೀರೇ ಆಗಬೇಕು.

ತೊಳೆಯಲು ಸಲ್ಫೇಟ್ ಇಲ್ಲದ ಶಾಂಪೂ, ಆಮೇಲೆ ಕಂಡೀಷನರ್. ಸೀಗೆಕಾಯಿ ಕೊಳೆ ತೆಗೆಯುತ್ತದೆ ನಿಜ, ಆದರೆ ಅದರ ಪುಡಿ ಗುಂಗುರಿನೊಳಗೆ ಸಿಕ್ಕಿಕೊಂಡರೆ ಎಷ್ಟು ನೀರು ಸುರಿದರೂ ಬಿಡುವುದಿಲ್ಲ. ಸಿಕ್ಕು ಬಿಡಿಸುವುದು ಕಂಡೀಷನರ್ ತಲೆಯಲ್ಲಿರುವಾಗಲೇ, ಅಗಲ ಹಲ್ಲಿನ ಹಣಿಗೆಯಿಂದ, ತುದಿಯಿಂದ ಮೇಲಕ್ಕೆ.

ಇನ್ನು ಅಗಸೆ. ಚಟ್ನಿಪುಡಿಗೆ ತರುವ ಅಗಸೆಯೇ ಸಾಕು, ಹಸಿಯ ಇಡೀ ಕಾಳು ಇರಬೇಕು. ಕಾಲು ಕಪ್ಪು ಅಗಸೆಗೆ ಎರಡು ಕಪ್ಪು ನೀರು. ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕುದಿಸಿದರೆ ಕಾಳಿನ ಸಿಪ್ಪೆಯಲ್ಲಿರುವ ಲೋಳೆ ನೀರಿಗೆ ಬಿಟ್ಟುಕೊಳ್ಳುತ್ತದೆ. ಕೂದಲ ಮೇಲೆ ಅದು ತೆಳ್ಳಗೆ ಪೊರೆಯಾಗಿ ಒಣಗಿ ಸುರುಳಿಯನ್ನು ಹಿಡಿಯುತ್ತದೆ. ಇಷ್ಟೇ ಕೆಲಸ, ಸೋಸುವುದೊಂದನ್ನು ಬಿಟ್ಟರೆ.

ಈ ಸೋಸುವುದೇ ದೊಡ್ಡ ಕಾಟ. ಕುದಿಸಿದ್ದನ್ನು ಆರಲು ಬಿಟ್ಟರೆ ಮುಗಿಯಿತು, ಲೋಳೆ ಕಾಳನ್ನು ಬಿಡುವುದೇ ಇಲ್ಲ. ಚಹಾ ಸೋಸುವ ಜಾಲರಿಗೆ ಸುರಿದರೆ ಎರಡು ಹನಿ ಇಳಿದು ನಿಂತುಬಿಡುತ್ತದೆ. ಚಮಚದಿಂದ ಒತ್ತಿದರೆ ಲೋಳೆ ಜಾಲರಿಯ ಕೆಳಗೆ ಉದ್ದಕ್ಕೆ ಜೋತಾಡುತ್ತದೆಯೇ ಹೊರತು ಪಾತ್ರೆಗೆ ಬೀಳುವುದಿಲ್ಲ. ದಪ್ಪ ಬಟ್ಟೆಗೆ ಹಾಕಿದರೆ ಅರ್ಧ ಲೋಳೆ ಬಟ್ಟೆಯ ಪಾಲು. ಕಟ್ಟೆ, ನಲ್ಲಿಯ ತಿರುಪು, ಕೈಬಳೆ, ಎಲ್ಲಕ್ಕೂ ಅಂಟು. ಅಗಸೆಯನ್ನು ಬಿಟ್ಟವರನ್ನು ಕೇಳಿದರೆ ಬಹಳ ಜನ ಈ ಹಂತದಲ್ಲೇ ಬಿಟ್ಟಿರುತ್ತಾರೆ.

ಇದಕ್ಕೆ ಉಪಾಯವಿದೆ. ಸೌಟೆತ್ತಿದಾಗ ಲೋಳೆ ಮೊಟ್ಟೆಯ ಬಿಳಿಯಂತೆ ಎಳೆಯಾಗಿ ಇಳಿಯತೊಡಗಿದ ಕೂಡಲೇ ಒಲೆ ಆರಿಸಬೇಕು. ಆಗ ಇನ್ನೂ ತೆಳುವಾಯಿತೇನೋ ಎನ್ನಿಸುತ್ತದೆ, ಎನ್ನಿಸಲಿ, ಆರಿದ ಮೇಲೆ ತಾನಾಗಿ ಗಟ್ಟಿಯಾಗುತ್ತದೆ. ತೊಳೆದಿಟ್ಟ ಹಳೆಯ ನೈಲಾನ್ ಕಾಲುಚೀಲವನ್ನು ಅಗಲ ಬಾಯಿಯ ಪಾತ್ರೆಗೆ ಸಿಗಿಸಿ, ಸುಡುಸುಡುವಾಗಿರುವಾಗಲೇ ಎಲ್ಲವನ್ನೂ ಅದರೊಳಗೆ ಸುರಿಯಬೇಕು. ಬಾಯಿಗೆ ಗಂಟು ಹಾಕಿ ಎತ್ತಿ ಹಿಡಿದು, ಕೈ ಸುಡುವುದರಿಂದ ಇಕ್ಕಳದಲ್ಲಿ ಮೇಲಿನಿಂದ ಕೆಳಕ್ಕೆ ಜಾರಿಸುತ್ತ ಒತ್ತಿದರೆ ಲೋಳೆಯೆಲ್ಲ ಇಳಿದು ಕಾಳಷ್ಟೇ ಉಳಿಯುತ್ತದೆ. ಹೀಗೆ ಮಾಡಲು ಶುರುಮಾಡಿದ ಮೇಲೆ ನನಗೆ ಸೋಸುವುದು ಭಾರವೆನಿಸಿಲ್ಲ. ಉಳಿದ ಕಾಳು ಹಿತ್ತಲಿನ ದಾಸವಾಳದ ಬುಡಕ್ಕೆ.

ಹಚ್ಚುವ ರೀತಿ ಎರಡಕ್ಕೂ ಒಂದೇ. ನೀರು ತೊಟ್ಟಿಕ್ಕುತ್ತಿರುವಾಗಲೇ ಭಾಗಭಾಗವಾಗಿ ಸವರಿ, ತುದಿಯನ್ನು ಅಂಗೈಯಲ್ಲಿ ಕೂಡಿಸಿ ಬೇರಿನ ಕಡೆಗೆ ಹಿಸುಕಬೇಕು. ದೊರಗು ಟವೆಲ್ಲು ಬೇಡ, ಹಳೆಯ ಹತ್ತಿ ಬನಿಯನ್ನಿನಲ್ಲಿ ನೀರು ಹೀರಿಸಬೇಕು. ಪೂರ್ತಿ ಒಣಗುವ ತನಕ ಕೂದಲನ್ನು ಮುಟ್ಟುವ ಹಾಗಿಲ್ಲ. ಒಣಗಿದಾಗ ಸುರುಳಿಗಳು ಗರಿಗರಿಯಾಗಿರುತ್ತವೆ, ಗಾಬರಿ ಬೇಡ, ಮೆಲ್ಲಗೆ ಹಿಸುಕಿದರೆ ಆ ಗರಿ ಮುರಿದು ಮೆತ್ತಗಾಗುತ್ತವೆ. ಅಗಸೆಯ ಸುರುಳಿಗೆ ಇಲ್ಲಿ ಸಿಗುವ ಮೃದುತ್ವ ಸೀಸೆಯ ಜೆಲ್‌ನಲ್ಲಿ ನನಗೆ ಸಿಗಲಿಲ್ಲ.

ಸೀಸೆಯ ಜೆಲ್‌ನಿಂದ ನನಗಾದ ತೊಂದರೆ ಬಿಳಿ ಹೊಟ್ಟು. ಕಪ್ಪು ಕುಪ್ಪಸದ ಹೆಗಲ ಮೇಲೆ ಉದುರಿದಾಗ ನೋಡಿದವರು ತಲೆಹೊಟ್ಟು ಎಂದೇ ತಿಳಿಯುತ್ತಾರೆ. ತಲೆಯಲ್ಲಿ ಉಳಿಸಿಕೊಂಡ ಕಂಡೀಷನರ್‌ಗೂ ಜೆಲ್‌ಗೂ ಹೊಂದಿಕೆಯಾಗದಿದ್ದರೆ ಹೀಗಾಗುತ್ತದೆ. ಎರಡನ್ನೂ ಒಂದಿಷ್ಟು ಅಂಗೈಯಲ್ಲಿ ಬೆರೆಸಿ ಉಜ್ಜಿ ನೋಡಿ, ಒಡೆದು ಬಿಳಿ ಗಂಟುಗಳಾದರೆ ಆ ಜೋಡಿಯನ್ನು ಕೂದಲಿಗೆ ಹಚ್ಚಬೇಡಿ.

ಜೆಲ್ ಗೆಲ್ಲುವುದು ಮಳೆಗಾಲದಲ್ಲಿ. ಧಾರವಾಡದ ಜಿಟಿಜಿಟಿ ಮಳೆಗೆ ಅಗಸೆಯ ಹಿಡಿತ ಸಂಜೆಗೇ ಸಡಿಲಾಗುತ್ತದೆ, ಜೆಲ್ ಮಾತ್ರ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಬಂದರೂ ಜಗ್ಗುವುದಿಲ್ಲ. ಗದಗಿನ ತವರಿನ ಒಣ ಬಿಸಿಲಿಗೆ ಅದೇ ಜೆಲ್ ಹಚ್ಚಿದರೆ ಕೂದಲು ಬಿರುಸು.

ಲೋಳೆ ಫ್ರಿಜ್ಜಿನಲ್ಲಿ ಸುಮಾರು ಒಂದು ವಾರ ಚೆನ್ನಾಗಿರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಬೇಕು. ನಾನು ತಲೆ ಎರೆದುಕೊಳ್ಳುವುದು ಭಾನುವಾರ, ಶನಿವಾರ ರಾತ್ರಿ ಅಡುಗೆ ಮುಗಿದ ಒಲೆಯ ಮೇಲೇ ಅಗಸೆ ಇಡುತ್ತೇನೆ, ಆದ್ದರಿಂದ ನನಗೆ ಇದು ಹೊಂದುತ್ತದೆ. ಅರ್ಧ ಕಿಲೋ ಅಗಸೆ ತಿಂಗಳುಗಟ್ಟಲೆ ಬರುತ್ತದೆ, ಅದರಲ್ಲೇ ರೊಟ್ಟಿಗೆ ಚಟ್ನಿಪುಡಿಯೂ ಆಗುತ್ತದೆ. ವಾರಕ್ಕೆ ಮೂರು ಸಲ ತಲೆ ತೊಳೆಯುವವರು, ಹಾಸ್ಟೆಲಿನಲ್ಲಿ ಒಲೆಯಿಲ್ಲದೆ ಇರುವವರು ಜೆಲ್ಲನ್ನೇ ಕೊಳ್ಳಲಿ, ಆದರೆ ಸಣ್ಣ ಸೀಸೆಯಿಂದ ಶುರುಮಾಡಲಿ. ನಾನು ಉಳಿದರ್ಧ ಸೀಸೆಯನ್ನು ಆಷಾಢ, ಶ್ರಾವಣಕ್ಕೂ ಪರವೂರಿನ ಮದುವೆಗಳಿಗೂ ಇಟ್ಟುಕೊಂಡಿದ್ದೇನೆ. ಅದು ಖಾಲಿಯಾದ ಮೇಲೆ ಇನ್ನೊಂದು ತರುವ ಯೋಚನೆ ಸದ್ಯಕ್ಕಿಲ್ಲ.