ಅಟಾಮಿಕ್ ಅರೇಯಿಂದ ಓದುವುದು: ಗೆಟ್, ಗೆಟ್‌ಪ್ಲೇನ್, ಗೆಟ್‌ಓಪೇಕ್, ಗೆಟ್‌ಅಕ್ವೈರ್

ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟದಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರ್‌ಗಳಿವೆ. ಪ್ರೋಗ್ರಾಂ ಜಾವಾದ್ದು. ಸೆನ್ಸರ್‌ಗೊಂದು ಥ್ರೆಡ್ (ಪ್ರೋಗ್ರಾಂ ಒಳಗೆ ಪ್ರತ್ಯೇಕವಾಗಿ ಓಡುವ ಕೆಲಸ) ಅರೇಗೆ, ಅಂದರೆ ಮನೆಗೊಂದು ಬೆಲೆ (ವ್ಯಾಲ್ಯೂ) ಇರುವ ಸಾಲಿಗೆ, ಬರೆಯುತ್ತದೆ. ಪಂಪ್ ನೋಡಿಕೊಳ್ಳುವ ಥ್ರೆಡ್ ಓದುತ್ತದೆ. ಹೀಗೆ ಹಲವು ಥ್ರೆಡ್‌ಗಳು ಹಂಚಿಕೊಳ್ಳಲೆಂದೇ ಜಾವಾದಲ್ಲಿ ಅಟಾಮಿಕ್ ಅರೇ ಇದೆ. ಓದುವ ದಾರಿಗಳನ್ನೆಲ್ಲ ಇಂಟೆಲ್ ಲ್ಯಾಪ್‌ಟಾಪ್‌ನಲ್ಲೂ ಶೆಡ್ಡಿನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈಯಲ್ಲೂ ಓಡಿಸಿ ನೋಡಿದೆ.

ಸಾದಾ ಇಂಟ್ (ಪೂರ್ಣಾಂಕ) ಅರೇ ಮೊದಲೇ ಬಿದ್ದುಹೋಯಿತು. ಅದಕ್ಕೆ ವೊಲಟೈಲ್ (ಒಂದು ಥ್ರೆಡ್ ಬರೆದದ್ದು ಇನ್ನೊಂದಕ್ಕೆ ಕಾಣಲಿ ಎಂಬ ಸೂಚಕ) ಎಂದು ಬರೆದರೂ ವೊಲಟೈಲ್ ಆಗುವುದು ಅರೇಯ ರೆಫರೆನ್ಸ್ (ಅರೇ ಎಲ್ಲಿದೆ ಎಂಬ ವಿಳಾಸ) ಮಾತ್ರ, ಒಳಗಿನ ಬೆಲೆಗಳಲ್ಲ. ಬೆಲೆ ಬದಲಾಗುವವರೆಗೆ ಸುತ್ತುವ ಲೂಪಿನಲ್ಲಿ ಕೋಡನ್ನು ಯಂತ್ರದ ಸೂಚನೆಗಳಾಗಿಸುವ ಕಂಪೈಲರ್ ಆ ಓದನ್ನು ಲೂಪಿನ ಹೊರಗೆ ಎಳೆದು ಒಮ್ಮೆ ಮಾತ್ರ ಮಾಡಿಬಿಡಬಹುದು. ಆಗ ಲೂಪ್ ಮುಗಿಯುವುದೇ ಇಲ್ಲ. 2017ರ ಜಾವಾ 9ರಲ್ಲಿ ಬಂದ ಗೆಟ್‌ಪ್ಲೇನ್‌ಗೂ ಇದೇ ಅಪಾಯ. ತಾನೇ ಬರೆದ ಮನೆಯನ್ನು ತಾನೇ ಓದುವ ಥ್ರೆಡ್‌ಗೆ ಮಾತ್ರ ಅದು ಸಾಕು.

ಗೆಟ್‌ಓಪೇಕ್ ನನಗೆ ಇಷ್ಟವಾಯಿತು. ಹೊಸ ಬೆಲೆ ಇಂದಲ್ಲ ನಾಳೆ ಕಣ್ಣಿಗೆ ಬೀಳುತ್ತದೆ, ಲೂಪ್ ನಿಲ್ಲುತ್ತದೆ. ಆದರೆ ಬೇರೆ ಬೇರೆ ಮನೆಗಳ ನಡುವಿನ ಕ್ರಮಕ್ಕೆ ಅದು ಹೊಣೆಯಲ್ಲ. ಸೆನ್ಸರ್ ಮೊದಲು ತೇವದ ಅಂಕೆ ಬರೆದು, ಆಮೇಲೆ ‘ಹೊಸದು ಬಂತು’ ಎಂಬ ಗುರುತು ಹಾಕಿತೆನ್ನಿ. ಪೈಯ ಆರ್ಮ್ ಪ್ರೊಸೆಸರ್‌ನಲ್ಲಿ ಗುರುತು ಹೊಸದು, ಅಂಕೆ ಹಳೆಯದು ಎಂದು ಓದುವ ಸಾಧ್ಯತೆ ಇದೆ. ಪರದೆಯ ಮೇಲೆ ಅಂಕೆ ತೋರಿಸಲು ಪರವಾಗಿಲ್ಲ. ಪಂಪ್ ಚಾಲೂ ಮಾಡುವ ತೀರ್ಮಾನಕ್ಕೆ ನಾನು ಒಪ್ಪುವುದಿಲ್ಲ.

ಗುರುತನ್ನು ಸೆಟ್‌ರಿಲೀಸ್ ಎಂಬ ಬರೆಯುವ ವಿಧಾನದಿಂದ ಬರೆದು ಗೆಟ್‌ಅಕ್ವೈರ್‌ನಿಂದ ಓದಿದರೆ ಆ ಕ್ರಮ ಉಳಿಯುತ್ತದೆ. ಹಾಗಿದ್ದೂ ನಾನು ಉಳಿಸಿಕೊಂಡದ್ದು 2004ರ ಜಾವಾ 5ರಿಂದಲೇ ಇರುವ ಬರಿಯ ‘ಗೆಟ್’ ಅನ್ನು; ಸೆಟ್‌ನ ಜೊತೆ ಅದೂ ಆ ಕ್ರಮ ಉಳಿಸುತ್ತದೆ. ಇಂಟೆಲ್‌ನಲ್ಲಿ ಅದರ ಓದು ಪ್ರೊಸೆಸರ್‌ಗೆ ಒಂದು ಮಾಮೂಲಿ ಮೂವ್ (ಬೆಲೆ ಸಾಗಿಸುವ) ಸೂಚನೆ ಅಷ್ಟೆ. ಖರ್ಚು ಬೀಳುವುದು ಬರೆಯುವ ಸೆಟ್‌ನ ಕಡೆಗೆ. ಪೈಯಲ್ಲಿ ಗೆಟ್‌ಗೂ ಗೆಟ್‌ಅಕ್ವೈರ್‌ಗೂ ಅದೇ ಎಲ್‌ಡಿಎಆರ್ ಎಂಬ ಓದುವ ಸೂಚನೆ. ಓದಿನಲ್ಲಿ ಲಾಭವಿಲ್ಲದ ಕಡೆ ಕೋಡ್ ಓದುವವರ ತಲೆ ಯಾಕೆ ತಿನ್ನಬೇಕು?

ನಿಧಾನವೆನಿಸಿದರೆ ಮೊದಲು ನೋಡಬೇಕಾದದ್ದು ಕ್ಯಾಶ್ ಲೈನ್, ಅಂದರೆ ಪ್ರೊಸೆಸರ್ ತನ್ನ ಹತ್ತಿರದ ಮೆಮೊರಿಗೆ ಒಟ್ಟಿಗೆ ತರುವ ತುಂಡು. 64 ಬೈಟಿನ ಒಂದು ಲೈನಿನಲ್ಲಿ 16 ಇಂಟ್ ಕೂರುತ್ತವೆ. ಪಕ್ಕದ ಮನೆಗೆ ಬೇರೊಂದು ಥ್ರೆಡ್ ಬರೆಯುತ್ತಿದ್ದರೆ ನಮ್ಮ ಓದೂ ಕಾಯಬೇಕಾಗುತ್ತದೆ.

ಇವು ಯಾವುವೂ ಕೊಡದ್ದು ಇಡೀ ಅರೇಯ ಒಂದೇ ಕ್ಷಣದ ಚಿತ್ರ. ಸಾಲಾಗಿ ಗೆಟ್ ಮಾಡುತ್ತ ಹೋದರೆ ಕೊನೆಯ ಮನೆ ತಲುಪುವಷ್ಟರಲ್ಲಿ ಮೊದಲನೆಯದು ಬದಲಾಗಿರಬಹುದು. ತೋಟದ ಸರಾಸರಿ ತೇವ ಬೇಕಾದಲ್ಲಿ ನಾನು ಅಟಾಮಿಕ್ ಅರೇಯನ್ನೇ ಬಿಟ್ಟು ಅಟಾಮಿಕ್‌ರೆಫರೆನ್ಸ್ (ಒಂದು ರೆಫರೆನ್ಸನ್ನು ಥ್ರೆಡ್‌ಗಳ ನಡುವೆ ಸುರಕ್ಷಿತವಾಗಿ ಹಂಚುವ ಡಬ್ಬಿ) ಹಿಡಿದೆ: ಬರೆಯುವವರು ಪ್ರತಿ ಸಲ ನಕಲು ಮಾಡಿ, ತಿದ್ದಿ, ಹೊಸ ಅರೇಯನ್ನೇ ಇಡುತ್ತಾರೆ, ಇಟ್ಟ ಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ನಮ್ಮಷ್ಟು ಚಿಕ್ಕ ಅರೇಗೆ ಆ ನಕಲಿನ ಖರ್ಚು ಲೆಕ್ಕಕ್ಕಿಲ್ಲ. ಸಾವಿರಾರು ಮನೆಗಳಿದ್ದರೆ ಲಾಕ್ (ಒಂದು ಥ್ರೆಡ್ ಮುಟ್ಟುವಾಗ ಉಳಿದವು ಕಾಯುವ ಬೀಗ) ಹಾಕುವುದೇ ವಾಸಿ.